ಫ್ರೋಜನ್ ತರಕಾರಿ ಪ್ಯಾಕೆಟ್: ಯಾವುದು ತಗೋಬಹುದು, ಯಾವುದು ಬೇಡ

ಫ್ರೋಜನ್ ತರಕಾರಿ ಅಂದ ಕೂಡಲೇ ‘ಸತ್ವವೇ ಇರಲ್ಲ ಬಿಡಿ’ ಅನ್ನುವವರು ಜಾಸ್ತಿ. ಎಲ್ಲದಕ್ಕೂ ಆ ಮಾತು ಒಪ್ಪುವುದಿಲ್ಲ. ಕೆಲವು ಪ್ಯಾಕೆಟ್‌ಗಳು ಫ್ರಿಜ್‌ನಲ್ಲಿ ವಾರಗಟ್ಟಲೆ ಬಾಡಿದ ‘ತಾಜಾ’ ತರಕಾರಿಗಿಂತ ಎಷ್ಟೋ ವಾಸಿ. ಕೆಲವನ್ನು ಮುಟ್ಟದಿದ್ದರೇ ಒಳ್ಳೆಯದು.

ಕಣ್ಣು ಮುಚ್ಚಿ ತಗೋಬಹುದಾದದ್ದು ಹಸಿ ಬಟಾಣಿ. ಕಿತ್ತ ಗಳಿಗೆಯಿಂದಲೇ ಬಟಾಣಿಯ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಎರಡು ಮೂರು ದಿನ ಹೊರಗಿದ್ದ ಕಾಳು ಬೆಂದ ಮೇಲೂ ಹಿಟ್ಟು ಹಿಟ್ಟಾಗಿರುವುದು ಅದಕ್ಕೇ. ಫ್ರೋಜನ್ ಬಟಾಣಿಯನ್ನು ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲೋ ಹಬೆಯಲ್ಲೋ ಒಂದೆರಡು ನಿಮಿಷ ಬಿಸಿ ಮಾಡಿ, ಈ ಬದಲಾವಣೆ ಮಾಡುವ ಕಿಣ್ವಗಳ (ಎನ್‌ಜೈಮ್) ಕೆಲಸ ನಿಲ್ಲಿಸಿ, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ವಿಟಮಿನ್ ಸಿ, ಬಿ ಗುಂಪಿನ ಒಂದಷ್ಟು ಭಾಗ ಸೋರಿಹೋಗುವುದು ಈ ಬಿಸಿನೀರಿನ ಹಂತದಲ್ಲಿ. ಮೈನಸ್ 18 ಡಿಗ್ರಿಗೆ ಇಳಿದ ಮೇಲೆ ನಷ್ಟ ಬಹಳ ನಿಧಾನ. ನಾರು, ಖನಿಜಗಳಿಗೆ ಹೆಚ್ಚೇನೂ ಆಗುವುದಿಲ್ಲ.

ಪಾಲಕ್ ಕೂಡ ಪಾಸು. 4 ಡಿಗ್ರಿಯ ಫ್ರಿಜ್‌ನಲ್ಲಿಟ್ಟರೂ ಎಂಟು ದಿನದಲ್ಲಿ ಹಸಿ ಪಾಲಕ್‌ನ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಸುಮಾರು ಅರ್ಧಕ್ಕೆ ಇಳಿಯಬಹುದು. ಇವತ್ತು ತಂದು ಇವತ್ತೇ ಬೇಯಿಸುವುದಾದರೆ ಹಸಿ ಸೊಪ್ಪು, ವಾರದ ಕೊನೆಗಾದರೆ ಪ್ಯಾಕೆಟ್. ಕರಗಿದಾಗ ಇದು ಕಪ್‌ಗಟ್ಟಲೆ ನೀರು ಬಿಡುತ್ತದೆ. ಹಿಂಡಿ ಚೆಲ್ಲಿದರೆ ಫೋಲೇಟೂ ಸಿಂಕ್ ಪಾಲು. ಆ ನೀರು ಸೂಪ್‌ಗೆ ಹೋಗಲಿ.

ಬ್ರೊಕೊಲಿ ವಿಷಯದಲ್ಲಿ ಮಾತ್ರ ತಕರಾರಿದೆ. ಬ್ರೊಕೊಲಿಗೆ ಹೆಸರು ತಂದ ಸಲ್ಫೊರಾಫೇನ್ ಎಂಬ ಆರೋಗ್ಯಕರ ಅಂಶ ಅದರಲ್ಲಿ ಸಿದ್ಧವಾಗಿ ಇರುವುದಿಲ್ಲ. ಹೆಚ್ಚಿದಾಗ, ಅಗಿದಾಗ ಮೈರೊಸಿನೇಸ್ ಎಂಬ ಕಿಣ್ವ ಅದನ್ನು ತಯಾರಿಸುತ್ತದೆ. ಫ್ರೀಜ್ ಮಾಡುವ ಮೊದಲಿನ ಬಿಸಿಗೆ ಆ ಕಿಣ್ವವೇ ಸಾಯುತ್ತದೆ. ಇದಕ್ಕೆ ಮದ್ದು ಸಾಸಿವೆ ಪುಡಿ: ಅದರಲ್ಲೂ ಇದೇ ಕಿಣ್ವವಿದೆ. 200 ಗ್ರಾಂ ಬೆಂದ ಬ್ರೊಕೊಲಿಗೆ ಒಂದು ಗ್ರಾಂ, ಅಂದರೆ ಅರ್ಧ ಟೀ ಚಮಚ, ಒಲೆಯಿಂದ ಇಳಿಸಿದ ಮೇಲೆ ಉದುರಿಸಿ. ಹುರಿದ ಪುಡಿ ಬೇಡ, ಕಿಣ್ವ ಉಳಿದಿರುವುದಿಲ್ಲ.

ಮಿಕ್ಸ್ಡ್ ವೆಜಿಟೇಬಲ್ ಪ್ಯಾಕೆಟ್‌ಗೆ ನಮ್ಮ ಅಂಕ ಕಡಿಮೆ. ಕ್ಯಾರೆಟ್ ಮೆತ್ತಗಾಗುವಷ್ಟರಲ್ಲಿ ಬಟಾಣಿ ಸುಕ್ಕುಗಟ್ಟುತ್ತದೆ, ಬೀನ್ಸ್ ಬಣ್ಣ ಕೆಡುತ್ತದೆ. ಕೆಲವದರಲ್ಲಿ ಆಲೂಗಡ್ಡೆ ತುಂಬಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ 400 ಗ್ರಾಂ ಹಣ್ಣು-ತರಕಾರಿಯಲ್ಲಿ ಆಲೂಗಡ್ಡೆ ಲೆಕ್ಕಕ್ಕೇ ಬರುವುದಿಲ್ಲ! ಬೇರೆ ಬೇರೆ ತಗೊಂಡು ಕ್ಯಾರೆಟ್ ಮೊದಲು, ಬಟಾಣಿ ಕೊನೆಯ ಎರಡು ಮೂರು ನಿಮಿಷಕ್ಕೆ ಹಾಕಿ. ಕರಗಿಸುವ ಅಗತ್ಯವಿಲ್ಲ. ಬಾಣಲೆ ತುಂಬ ಒಮ್ಮೆಗೇ ಸುರಿದರೆ ಶಾಖ ಇಳಿದು ನೀರೊಡೆದು, ಹುರಿಯುವ ಬದಲು ಬೇಯುತ್ತದೆ.

ಸ್ವೀಟ್ ಕಾರ್ನ್ ರುಚಿಗೇನೂ ಕೊರತೆಯಿಲ್ಲ, ಆದರೆ ಕರಗಿಸಿ ಹಾಗೇ ಸಲಾಡ್‌ಗೆ ಹಾಕುವ ಅಭ್ಯಾಸ ಬಿಡಿ. ಚಳಿಗೆ ಲಿಸ್ಟೀರಿಯಾ ಎಂಬ ಸೋಂಕು ತರುವ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಯುರೋಪಿನ ಹಲವು ದೇಶಗಳಲ್ಲಿ 2015ರಿಂದ 2018ರವರೆಗೆ ಹರಡಿ ಸಾವುಗಳಿಗೂ ಕಾರಣವಾದ ಸೋಂಕಿನ ಮೂಲ ಫ್ರೋಜನ್ ಕಾರ್ನ್ ಎಂದು ಪತ್ತೆಯಾಗಿತ್ತು. ‘ಬೇಯಿಸಿ ತಿನ್ನಿ’ ಅಂತ ಪ್ಯಾಕೆಟ್ ಮೇಲಿದ್ದರೆ ಚೆನ್ನಾಗಿ ಬೇಯಿಸಲೇಬೇಕು. ಗರ್ಭಿಣಿಯರಿಗೂ ವಯಸ್ಸಾದವರಿಗೂ ಬಡಿಸುವಾಗಂತೂ ಇದರಲ್ಲಿ ರಿಯಾಯಿತಿ ಇಲ್ಲ.

ಅಂಗಡಿಯಲ್ಲಿ ಪ್ಯಾಕೆಟ್ ಎತ್ತಿ ಅಲ್ಲಾಡಿಸಿ. ಕಾಳು ಗಲಗಲ ಅನ್ನಬೇಕು. ಗಟ್ಟಿ ಮುದ್ದೆಯಾಗಿದ್ದರೆ, ಒಳಗೆ ದಪ್ಪ ಮಂಜು ಕೂತಿದ್ದರೆ, ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಇಟ್ಟಿಗೆಯಂತೆ ಒತ್ತಿ ಮಾಡುವ ಪಾಲಕ್‌ಗೆ ಈ ಪರೀಕ್ಷೆ ನಡೆಯದು. ಹಿಂಬದಿಯ ಪಟ್ಟಿಯಲ್ಲಿ ತರಕಾರಿಯ ಹೆಸರೊಂದೇ ಇರಲಿ. ಉಪ್ಪು, ಬೆಣ್ಣೆ, ಸಾಸ್ ಕಂಡರೆ ವಾಪಸ್ ಇಡಿ.

ಹಣ್ಣಿನ ಪ್ಯಾಕೆಟ್‌ಗಳನ್ನು ಸಾಮಾನ್ಯವಾಗಿ ಬಿಸಿನೀರಿಗೆ ಹಾಕುವುದಿಲ್ಲವಾದ್ದರಿಂದ ವಿಟಮಿನ್ ಸಿ ಹೆಚ್ಚು ಉಳಿಯುತ್ತದೆ. ಸಕ್ಕರೆ ಸೇರಿಸಿಲ್ಲದ್ದನ್ನೇ ಆರಿಸಿ. ಮಾವು, ಸ್ಟ್ರಾಬೆರಿ ಕರಗಿದ ಮೇಲೆ ಮೆತ್ತಗಾಗುತ್ತವೆ. ತಟ್ಟೆಯಲ್ಲಿ ಹೋಳಾಗಿ ಇಡಲು ಹೋಗದೆ ನೇರ ಮಿಕ್ಸಿಗೆ ಹಾಕಿ.