ಗ್ರಾಂಡ್ ವಿಟಾರಾನಾ, ಹೈರೈಡರಾ? ಶೋರೂಮಿಗೆ ಹೋಗುವಾಗ ಸೂಟ್‌ಕೇಸ್ ತಗೊಂಡು ಹೋಗಿ

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು: ಕಾರು ತಗೊಳ್ಳುವುದಾದರೆ ಮಾರುತಿಯ ಗ್ರಾಂಡ್ ವಿಟಾರಾನಾ, ಟೊಯೋಟಾದ ಹೈರೈಡರಾ? ಈಗ ಎರಡನ್ನೂ ಓಡಿಸಿ ನೋಡಿ ಆಯ್ತು. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎರಡರ ಒಳಗಿರುವುದು ಒಂದೇ ಮಾರಾಯ್ರೆ. ಎರಡೂ 2022ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಿಂದಲೇ ಹೊರಬಂದವು. ಅದೇ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರ್, ಎರಡೂ ಸೇರಿ ಸುಮಾರು 116 ಪಿಎಸ್ ಶಕ್ತಿ. ಕಂಪನಿ ಹೇಳುವ ಮೈಲೇಜ್ ಕೂಡ ಎರಡಕ್ಕೂ ಲೀಟರಿಗೆ 27.97 ಕಿಲೋಮೀಟರ್. ಹೀಗೆ ಎಂಜಿನ್, ಮೋಟಾರ್ ಎರಡೂ ಇರುವುದೇ ಹೈಬ್ರಿಡ್, ಆದರೆ ಆ ಹೆಸರು ನೋಡಿ ಮೋಸ ಹೋಗಬೇಡಿ. ಎರಡರಲ್ಲೂ ಮೈಲ್ಡ್ ಬೇರೆ, ಸ್ಟ್ರಾಂಗ್ ಬೇರೆ. ಮೈಲ್ಡ್‌ನಲ್ಲಿ ಮೋಟಾರ್ ಎಂಜಿನಿಗೆ ಸ್ವಲ್ಪ ಸಹಾಯ ಮಾಡುತ್ತದೆ ಅಷ್ಟೇ, ಅದೊಂದರಿಂದಲೇ ಗಾಡಿ ಓಡುವುದಿಲ್ಲ. ಸ್ಟ್ರಾಂಗ್‌ನಲ್ಲಿ ಎಂಜಿನ್ ಆಫ್ ಆಗಿದ್ದರೂ ಮೋಟಾರಿನಿಂದಲೇ ಗಾಡಿ ಓಡಬಲ್ಲದು, ನಾನು ಹೇಳುತ್ತಿರುವುದೆಲ್ಲ ಅದರ ಬಗ್ಗೆ.

ನಾನು ದಿನಾ ಉಡುಪಿಯಿಂದ ಮಂಗಳೂರಿಗೆ ಹೋಗಿ ಬರುವವಳು. ಹಾಗಾಗಿ ಸಂಜೆ ಐದೂವರೆಗೆ, ನಂತೂರು ಜಂಕ್ಷನ್ ತುಂಬಿ ತುಳುಕುವ ಹೊತ್ತಿಗೇ ಟೆಸ್ಟ್ ಡ್ರೈವ್ ಕೇಳಿ ತಗೊಂಡೆ. ಎಂಜಿನ್ ಆಫ್. ಗಾಡಿ ಮೆಲ್ಲ ಮುಂದೆ ಹೋಗ್ತಾ ಇದೆ, ಕೇಳಿಸುವುದು ಎಸಿ ಸದ್ದು ಮಾತ್ರ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ, ಅದಕ್ಕೇ ನಿಂತು ನಿಂತು ಹೋಗುವ ಕಡೆ ಪೆಟ್ರೋಲ್ ಜಾಸ್ತಿ ಉಳಿಯುತ್ತದೆ. ಅದೇ ಕೂಳೂರು ದಾಟಿ ಹೆದ್ದಾರಿಯಲ್ಲಿ ಒಂದೇ ಸಮ ಹೋಗುವಾಗ ಎಂಜಿನ್ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ. ಅಂದ್ರೆ ಪಡುಬಿದ್ರಿ, ಮುಲ್ಕಿ ಕಡೆ ಹೈವೇಯಲ್ಲಿ ಮಾತ್ರ ಓಡಾಡುವವರಿಗೆ ಸ್ಟ್ರಾಂಗ್ ಹೈಬ್ರಿಡ್‌ಗೆ ಅಂತ ಜಾಸ್ತಿ ಹಾಕಿದ ದುಡ್ಡು ವಾಪಸ್ ಬರಲು ತುಂಬ ವರ್ಷ ಬೇಕು. ಪೇಟೆಯೊಳಗೆ ದಿನಾ ಸಿಕ್ಕಿಹಾಕಿಕೊಳ್ಳುವವರಿಗೆ ಇದು ಚಿನ್ನದಂಥ ಗಾಡಿ. ಬ್ಯಾಟರಿ ಚಿಕ್ಕದು, 0.76 ಕಿಲೋವ್ಯಾಟ್ ಅವರ್. "ರಾತ್ರಿ ಚಾರ್ಜಿಗೆ ಹಾಕಬೇಕಾ?" ಅಂತ ಅಮ್ಮ ಕೇಳಿದರು. ಬೇಡ, ಓಡುವಾಗಲೇ ತುಂಬಿಕೊಳ್ಳುತ್ತದೆ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ, ಎರಡಕ್ಕೂ.

ಮಣಿಪಾಲದ ಏರಿನಲ್ಲಿ ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ ಮೊದಲು ಕಿರುಚುತ್ತದೆ, ವೇಗ ಆಮೇಲೆ ಬರುತ್ತದೆ. ನನಗೆ ಇದು ಇಷ್ಟ ಆಗಲಿಲ್ಲ.

ಇನ್ನು ಡಿಕ್ಕಿ. ಬ್ಯಾಟರಿ ಹಿಂದೆ ಕೂತಿರುವುದರಿಂದ ಉಳಿಯುವುದು 265 ಲೀಟರ್ ಜಾಗ, ಮೈಲ್ಡ್‌ನಲ್ಲಿ 373 ಇದೆ. ಅಕ್ಕ ಭಾವ ವರ್ಷಕ್ಕೆರಡು ಸಲ ಮುಂಬೈಯಿಂದ ಬರುತ್ತಾರೆ, ಅವರನ್ನು ಇಂದ್ರಾಳಿ ಸ್ಟೇಷನ್ನಿನಿಂದ ಕರೆತರುವವಳು ನಾನೇ. ಅದಕ್ಕೇ ಅಕ್ಕ ಬಿಟ್ಟುಹೋಗಿದ್ದ ದೊಡ್ಡ ಸೂಟ್‌ಕೇಸನ್ನು ಶೋರೂಮಿಗೇ ಹೊತ್ತುಕೊಂಡು ಹೋಗಿದ್ದೆ. ಒಂದು ಮಲಗಿಸಿ ಇಟ್ಟರೆ ಇನ್ನೊಂದು ದೊಡ್ಡದಕ್ಕೆ ಜಾಗ ಇಲ್ಲ, ಪಕ್ಕದಲ್ಲಿ ಎರಡು ಕೈಚೀಲ ತುರುಕಬಹುದು. ಹಿಂದಿನ ಸೀಟು ಮಡಚಿದರೆ ಆಗುತ್ತದೆ, ಆದರೆ ಆಗ ಜನ ಎಲ್ಲಿ ಕೂರುವುದು? ಮನೆಯವರೆಲ್ಲ ಒಟ್ಟಿಗೆ ಹೋಗುವವರು ಇದನ್ನು ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ.

ಹಾಗಾದರೆ ವ್ಯತ್ಯಾಸ ಎಂತ? ಮುಂದಿನ ಮುಖ ಬೇರೆ. ಒಳಗೆ ಗ್ರಾಂಡ್ ವಿಟಾರಾ ಪೂರ್ತಿ ಕಪ್ಪು, ಅಲ್ಲಲ್ಲಿ ಬಂಗಾರದ ಬಣ್ಣದ ಗೆರೆ. ಹೈರೈಡರ್ ಕಂದು ಕಪ್ಪು. ನಮ್ಮ ಬಿಸಿಲಿಗೆ, ಬೆವರಿಗೆ ಎರಡೂ ಕಾಯುತ್ತವೆ ಬಿಡಿ. ಆದರೆ ನಮಗೆ ತೋರಿಸಿದ ಗ್ರಾಂಡ್ ವಿಟಾರಾಕ್ಕೆ ದೊಡ್ಡ ಸನ್‌ರೂಫ್ (ಮಾಡಿನ ಗಾಜು) ಇತ್ತು, ಅದರಿಂದ ಒಳಗೆ ತಲೆ ಮೇಲಿನ ಜಾಗ ಕಡಿಮೆಯಾಗುತ್ತದೆ. ಅಪ್ಪ ಆರಡಿ ಎತ್ತರ. ಹಿಂದೆ ಕೂತ ಅವರ ತಲೆ ಮೇಲೆ ಎರಡು ಬೆರಳಷ್ಟು ಜಾಗ ಉಳಿಯಿತು, ಹಂಪ್ ಬಂದಾಗ ಅವರು ತಲೆ ತಗ್ಗಿಸಿದ್ದು ಕನ್ನಡಿಯಲ್ಲಿ ಕಂಡಿತು. ಹೈರೈಡರಿನಲ್ಲಿ ಕೆಳಗಿನ ಎಸ್ ಮಾಡೆಲ್‌ನಲ್ಲೂ ಸ್ಟ್ರಾಂಗ್ ಹೈಬ್ರಿಡ್ ಸಿಗುತ್ತದೆ, ಅದಕ್ಕೆ ಸನ್‌ರೂಫ್ ಇಲ್ಲ. ಅಪ್ಪ ಅದರಲ್ಲಿ ಬೆನ್ನು ನೇರ ಮಾಡಿ ಕೂತರು. ಎಸ್ ಬುಕ್ ಮಾಡಿದ್ದೇವೆ.