ಟಾರ್ ಬ್ರೌಸರ್, ಬ್ರೇವ್, ಟೇಲ್ಸ್: ಚಿಕ್ಕಮ್ಮನಿಗೆ ಯಾವುದು ಆಗ್ತದೆ?

ಕಳೆದ ಜೂನ್‌ನಲ್ಲಿ ಚಿಕ್ಕಮ್ಮ ಉಡುಪಿಯ ನಮ್ಮ ಮನೆಗೆ ಬಂದಿದ್ದರು. ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳದೆ, ಮನೆಯವರೆಲ್ಲ ಬಳಸುವ ಟ್ಯಾಬ್‌ನಲ್ಲಿ ಅದರ ಬಗ್ಗೆ ಹುಡುಕಿದ್ದಾರೆ. ಮರುದಿನದಿಂದ ಅದೇ ಟ್ಯಾಬ್‌ನಲ್ಲಿ ಕ್ಯಾನ್ಸರ್ ತಪಾಸಣೆಯ ಜಾಹೀರಾತು. "ಇದನ್ನು ಯಾರು ನೋಡಿದ್ದು?" ಅಂತ ಭಾವ ಕೇಳಿದಾಗ ಚಿಕ್ಕಮ್ಮನ ಮುಖ ಬಾಡಿಹೋಯಿತು. ಗಂಟು ಅಪಾಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಮುಖ ನನ್ನ ಮನಸ್ಸಿನಿಂದ ಹೋಗಲಿಲ್ಲ. ಅವರಂಥವರು ನೆಮ್ಮದಿಯಿಂದ ಹುಡುಕಲು ಯಾವುದು ಸರಿ ಅಂತ ಆ ಮಳೆಗಾಲವಿಡೀ ಒಂದೊಂದನ್ನೇ ಬಳಸಿ ನೋಡಿದೆ.

ಸಾಮಾನ್ಯ ಬ್ರೌಸರ್‌ನ ಪ್ರೈವೇಟ್ ಕಿಟಕಿಯನ್ನು ಮೊದಲೇ ಬಿಟ್ಟೆ. ಅದು ನಮ್ಮ ಯಂತ್ರದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ನಮ್ಮ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಜಾಲತಾಣಕ್ಕೆ ಕಾಣುತ್ತಲೇ ಇರುತ್ತದೆ. ನಮ್ಮ ನೆಟ್ ಸಂಪರ್ಕವನ್ನು ಒಂದು ಕಂಪನಿಯ ಸರ್ವರ್ ಮೂಲಕ ಕಳಿಸುವ ವಿಪಿಎನ್ ಕೂಡ ಬೇಡ ಅನ್ನಿಸಿತು. ಅಲ್ಲಿ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿ. 2022ರ ನಿಯಮದ ಪ್ರಕಾರ ನಮ್ಮ ದೇಶದಲ್ಲಿ ಆ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸವನ್ನು 5 ವರ್ಷ ಇಟ್ಟುಕೊಳ್ಳಬೇಕು.

ನಾವು ಯಾರು ಅನ್ನುವುದನ್ನು ಮರೆಮಾಡುವ ಜಾಲ ಟಾರ್. ಅದು ಬೇರೆ ತರ. ಪುಟ ಬೇಕು ಅನ್ನುವ ನಮ್ಮ ಬೇಡಿಕೆ ಮೂರು ಸರ್ವರ್‌ಗಳ, ಅಂದರೆ ಬೇರೆ ಬೇರೆ ಕಡೆಯ ಕಂಪ್ಯೂಟರ್‌ಗಳ ಮೂಲಕ ಹೋಗುತ್ತದೆ. ಮೊದಲನೆಯದಕ್ಕೆ ನಾವು ಯಾರು ಅಂತ ಗೊತ್ತು, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನಿಜವಾದ ಹೋಲಿಕೆ ಇರುವುದು ಈ ಟಾರ್ ಅನ್ನು ಬಳಸುವ ದಾರಿಗಳ ನಡುವೆ.

ಬ್ರೇವ್ ಅನ್ನುವ ಬ್ರೌಸರ್‌ನಲ್ಲಿ ಟಾರ್ ಇರುವ ಪ್ರೈವೇಟ್ ಕಿಟಕಿ ಉಂಟು. ತುಂಬಾ ಸುಲಭ. ಮೆನುವಿನಲ್ಲಿ ಒಂದು ಸಲ ಒತ್ತಿದರೆ ಸಾಕು. ಆದರೆ ಅದು ಮುಖ್ಯವಾಗಿ ಮುಚ್ಚಿಡುವುದು ಐಪಿ ವಿಳಾಸವನ್ನು. ಪರದೆಯ ಅಳತೆ, ಫಾಂಟ್‌ಗಳು ಇಂಥದ್ದನ್ನೆಲ್ಲ ಕೂಡಿಸಿಯೂ ಒಬ್ಬರನ್ನು ಗುರುತು ಹಿಡಿಯಬಹುದು. ಟಾರ್‌ಗಾಗಿಯೇ ಮಾಡಿದ ಟಾರ್ ಬ್ರೌಸರ್ ಎಲ್ಲರೂ ಒಂದೇ ತರ ಕಾಣುವ ಹಾಗೆ ಮಾಡಲು ನೋಡುತ್ತದೆ. ಕಿಟಕಿ ದೊಡ್ಡದು ಮಾಡಿದರೆ ಸುತ್ತ ಬೂದು ಅಂಚು ಬರುತ್ತದಲ್ವಾ, ಅದು ದೋಷ ಅಲ್ಲ. ನಿಮ್ಮ ಪರದೆಯ ಸರಿಯಾದ ಅಳತೆ ಹೊರಗೆ ಗೊತ್ತಾಗದಿರಲಿ ಅಂತ ಬೇಕೆಂದೇ ಇಟ್ಟದ್ದು. ಗುರುತು ಸಿಗಲೇಬಾರದು ಅನ್ನುವವರು ಟಾರ್ ಬ್ರೌಸರ್ ಬಳಸಿ ಅಂತ ಬ್ರೇವ್‌ನವರೇ ಹೇಳುತ್ತಾರೆ. ನನ್ನ ಅನುಭವವೂ ಅದೇ. ಮೇಲಾಗಿ ಬ್ರೇವ್‌ನ ಈ ಕಿಟಕಿ ಫೋನಿನಲ್ಲಿ ಇಲ್ಲ. ಚಿಕ್ಕಮ್ಮನ ಹತ್ತಿರ ಇರುವುದು ಫೋನ್ ಮಾತ್ರ.

ಟಾರ್ ಬ್ರೌಸರ್‌ನಲ್ಲಿ ತೊಂದರೆ ಬರಲಿಲ್ಲ ಅಂತಲ್ಲ. ಜುಲೈಯಲ್ಲಿ ಒಂದು ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಟಾರ್ ಕನೆಕ್ಟ್ ಆಗಲೇ ಇಲ್ಲ. ಗೆರೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಬೇರೆ ಬ್ರೌಸರ್‌ನಲ್ಲಿ ಎಲ್ಲ ಸರಿ ತೆರೆಯುತ್ತಿತ್ತು. ಅಳಿಸಿ ಮತ್ತೆ ಹಾಕಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬ್ರೇವ್‌ನ ಟಾರ್ ಕಿಟಕಿಯೂ ಕೈಕೊಟ್ಟಾಗ ಅನುಮಾನ ಬಂತು. ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಲಾಗ್, ಅಂದರೆ ಏನೇನಾಯಿತು ಅನ್ನುವ ದಾಖಲೆ, ತೆರೆದು ನೋಡಿದರೆ ಗಡಿಯಾರದ ಮಾತು ಇತ್ತು. ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಸತ್ತು, ಯಂತ್ರದ ತಾರೀಕು ಎರಡು ದಿನ ಹಿಂದೆಯೇ ನಿಂತಿತ್ತು. ಸರ್ವರ್‌ಗಳ ಪಟ್ಟಿ ಗಂಟೆ ಗಂಟೆಗೂ ಹೊಸದಾಗುವುದರಿಂದ ಟಾರ್‌ಗೆ ಸಮಯ ಸರಿ ಇರಲೇಬೇಕು. ತಾರೀಕು ಸರಿಮಾಡಿದ ಕೂಡಲೇ ಕನೆಕ್ಟ್ ಆಯಿತು. ಆಮೇಲೆ ಹೊಸ ಸಿಆರ್2032 ಬ್ಯಾಟರಿ ತಂದು ಹಾಕಿದೆ. ಟಾರ್ ನಿಂತರೆ ಮೊದಲು ಸಮಯ, ತಾರೀಕು, ಟೈಮ್ ಝೋನ್ ನೋಡಿ. ಉಳಿದದ್ದು ಆಮೇಲೆ.

ಇನ್ನೊಂದು ತೊಡಕು ಸಿಕ್ಕಿದ್ದು ಮಂಗಳೂರಿನಲ್ಲಿ, ಅಕ್ಕನ ಮಗನ ಹಾಸ್ಟೆಲ್‌ನಲ್ಲಿ. ಅಲ್ಲಿನ ವೈಫೈಯಲ್ಲಿ ಟಾರ್‌ಗೆ ದಾರಿಯೇ ಇರಲಿಲ್ಲ. ಸೆಟ್ಟಿಂಗ್‌ನಲ್ಲಿ ಬ್ರಿಡ್ಜ್ ಅಂತ ಇರುತ್ತದೆ, ಟಾರ್ ತಡೆದಿರುವ ಕಡೆ ಒಳಗೆ ಹೋಗಲು ಬೇರೆ ಬಾಗಿಲು. ಮೊದಲು ಒಬಿಎಫ್‌ಎಸ್4 ಅನ್ನುವ ಬಗೆಯ ಬ್ರಿಡ್ಜ್ ಹಾಕಿದೆ, ಆಗಲಿಲ್ಲ. ಸ್ನೋಫ್ಲೇಕ್ ಹಾಕಿದಾಗ ಆಯಿತು. ಅದು ಎಲ್ಲೋ ಕುಳಿತ ಸ್ವಯಂಸೇವಕರ ಬ್ರೌಸರ್ ಮೂಲಕ ಹೋಗುತ್ತದೆ, ಹೊರಗಿನಿಂದ ವಿಡಿಯೋ ಕರೆಯ ಹಾಗೆ ಕಾಣುತ್ತದೆ. ವೇಗ ಮಾತ್ರ ಕಡಿಮೆ. ಮನೆಯಲ್ಲಿ ಬ್ರಿಡ್ಜ್ ಬೇಕಾಗಲಿಲ್ಲ. ಹಾಗಾಗಿ ಸುಮ್ನೆ ಹಾಕಿಡಬೇಡಿ.

ಜಾಲತಾಣ ತೆರೆಯದಿದ್ದರೆ, ಅಥವಾ ನೀವು ಮನುಷ್ಯರಾ ಅಂತ ಮತ್ತೆ ಮತ್ತೆ ಕೇಳಿದರೆ, ಕಂಟ್ರೋಲ್, ಶಿಫ್ಟ್, ಎಲ್ ಒಟ್ಟಿಗೆ ಒತ್ತಿ. ಆ ತಾಣಕ್ಕೆ ಬೇರೆ ದಾರಿ ಸಿಗುತ್ತದೆ. ಭದ್ರತೆಯ ಮಟ್ಟವನ್ನು ತುದಿಗೆ ಏರಿಸಿದರೆ ತಾಣದೊಳಗೆ ಓಡುವ ಪ್ರೋಗ್ರಾಂ ಆದ ಜಾವಾಸ್ಕ್ರಿಪ್ಟ್ ಪೂರ್ತಿ ನಿಲ್ಲುತ್ತದೆ, ಅರ್ಧ ತಾಣಗಳು ಮುರಿದ ಹಾಗೆ ಕಾಣುತ್ತವೆ. ರೋಗದ ಬಗ್ಗೆ ಓದುವವರಿಗೆ ಮೊದಲಿನ ಮಟ್ಟವೇ ಸಾಕು.

ಟೇಲ್ಸ್ ನನಗೆ ತುಂಬಾ ಇಷ್ಟವಾಯಿತು. ಅದು ವಿಂಡೋಸ್ ತರದ ಒಂದು ಆಪರೇಟಿಂಗ್ ಸಿಸ್ಟಮ್, ನೆಟ್ ಎಲ್ಲ ಟಾರ್ ಮೂಲಕವೇ. 8 ಜಿಬಿಯ ಪೆನ್‌ಡ್ರೈವ್ ಸಾಕು, ಕಂಪ್ಯೂಟರ್ ಅದರಿಂದಲೇ ಶುರುವಾಗುತ್ತದೆ. ಆಫ್ ಮಾಡಿದರೆ ಎಲ್ಲ ಮರೆತುಬಿಡುತ್ತದೆ. 2024ರಲ್ಲಿ ಅದು ಟಾರ್ ಮಾಡುವ ಸಂಸ್ಥೆಯಾದ ಟಾರ್ ಪ್ರಾಜೆಕ್ಟ್ ಜೊತೆ ಸೇರಿಕೊಂಡಿತು. ಆದರೆ ನನ್ನ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಅದಕ್ಕೆ ಗುರುತು ಸಿಗಲಿಲ್ಲ. ಫೋನಿನಿಂದ ಕೇಬಲ್ ಹಾಕಿ ನೆಟ್ ಕೊಡಬೇಕಾಯಿತು. ಪತ್ರಕರ್ತರಿಗೆ, ಜೀವಕ್ಕೆ ಅಪಾಯ ಇರುವವರಿಗೆ ಇದೇ ಸರಿ ಅನ್ನುತ್ತೇನೆ. ಫೋನಿನಲ್ಲಿ ಇದು ಓಡುವುದಿಲ್ಲ.

ಓರ್ಬಾಟ್ ಅನ್ನುವ ಆ್ಯಪ್ ಆಂಡ್ರಾಯ್ಡ್ ಫೋನಿನ ಬೇರೆ ಆ್ಯಪ್‌ಗಳನ್ನೂ ಟಾರ್ ಮೂಲಕ ಕಳಿಸುತ್ತದೆ. ಕೇಳಲು ಚೆಂದ. ಆದರೆ ನಮ್ಮ ನಂಬರಿನಿಂದ ಲಾಗಿನ್ ಆದ ಆ್ಯಪ್‌ಗೆ ನಾವು ಯಾರು ಅಂತ ಗೊತ್ತೇ ಇರುತ್ತದೆ. ಚಿಕ್ಕಮ್ಮನಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ.

ಕೊನೆಗೆ ಅವರ ಫೋನಿಗೆ ಆಂಡ್ರಾಯ್ಡ್‌ನ ಟಾರ್ ಬ್ರೌಸರ್ ಹಾಕಿಕೊಟ್ಟೆ. ಅದಕ್ಕೆ ಓರ್ಬಾಟ್ ಬೇಕಿಲ್ಲ. ಅದರಲ್ಲಿ ಗೂಗಲ್, ಫೇಸ್‌ಬುಕ್ ಯಾವುದಕ್ಕೂ ಲಾಗಿನ್ ಆಗಬಾರದು, ಬ್ಯಾಂಕ್ ಕೆಲಸಕ್ಕೆ ಹಳೆಯ ಬ್ರೌಸರೇ ಇರಲಿ ಅಂತ ಎರಡು ಸಲ ಹೇಳಿದೆ. ಮೊದಲ ಪುಟ ಬರಲು ಹೊತ್ತಾಯಿತು.

"ಎಂತ ಮಗಾ, ಇದು ಇಷ್ಟು ನಿಧಾನ?"

"ಮೂರು ಊರು ಸುತ್ತಿ ಬರ್ತದೆ ಚಿಕ್ಕಮ್ಮ. ಸ್ವಲ್ಪ ಕಾಯಿರಿ."

ಕಾದರು. ಪುಟ ಬಂತು. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಯಾಪ್ಸಿ ರಿಪೋರ್ಟಿನ ಒಂದೊಂದೇ ಪದ ಹುಡುಕಿ ಓದತೊಡಗಿದರು. ನಾನು ಎದ್ದು ಒಳಗೆ ಹೋದೆ.