ಎಕ್ಸ್‌ಪಲ್ಸ್, ಹಿಮಾಲಯನ್, ವಿ-ಸ್ಟ್ರಾಮ್: ಮೂರನ್ನೂ ನಮ್ಮ ಎರೆ ಮಣ್ಣು, ಗರಸಿನ ಮೇಲೆ ಓಡಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನಾನು ಕೊಂಡಿದ್ದು ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕ್. ಸೆಕೆಂಡ್ ಹ್ಯಾಂಡ್, 1 ಲಕ್ಷ 10 ಸಾವಿರ ಕೊಟ್ಟೆ. 14 ತಿಂಗಳಲ್ಲಿ 11,000 ಕಿಲೋಮೀಟರ್ ಓಡಿಸಿದ್ದೇನೆ. ನಾಳೆ ಮತ್ತೆ ಕೊಳ್ಳಬೇಕಾಗಿ ಬಂದರೂ ಅದನ್ನೇ ಕೊಳ್ಳುತ್ತೇನೆ. ಹಾಗಾಗಿ ಈ ಹೋಲಿಕೆ ಆ ಕಡೆಗೇ ವಾಲುತ್ತದೆ, ಅದು ಗೊತ್ತಿದ್ದೇ ಓದಿ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಭಾನುವಾರ ರಜೆ. ವಯಸ್ಸು 43, ಎತ್ತರ 5 ಅಡಿ 5 ಇಂಚು. ಇಡೀ ಭಾನುವಾರ ಡಾಂಬರು ರಸ್ತೆ ಮೇಲೂ ಮಣ್ಣಿನ ದಾರಿ ಮೇಲೂ ಓಡಾಡಿ ರಾತ್ರಿ ಮನೆ ಸೇರಬೇಕು, ವರ್ಷಕ್ಕೆ ನಾಲ್ಕೈದು ಸಲ ಎರಡು ಮೂರು ದಿನದ ದೂರದ ದಾರಿ ಹಿಡಿಯಬೇಕು. ಆಸೆ ಇಷ್ಟೇ. ಇದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನಿಜವಾಗಿ ನಂಬಿದ್ದೇನೆ. ಪೂರ್ವಕ್ಕೆ ಹೊರಟರೆ ಅಣ್ಣಿಗೇರಿ, ನವಲಗುಂದದ ಎರೆ ಹೊಲಗಳು. ಗದಗ ದಾಟಿ ಡಂಬಳದ ಕಡೆ ತಿರುಗಿದರೆ ಕಪ್ಪತಗುಡ್ಡದ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಕಲ್ಲು. ಪಶ್ಚಿಮಕ್ಕೆ ಕಲಘಟಗಿ ದಾಟಿದರೆ ಕೆಂಪು ಮಣ್ಣು, ಕಾಡು, ಆಮೇಲೆ ಘಟ್ಟ. ಒಂದೇ ಊರಿನಿಂದ ಮೂರು ಥರದ ನೆಲ ಸಿಗುತ್ತದೆ.

ಆದರೆ ಎಕ್ಸ್‌ಪಲ್ಸ್ ಕೊಳ್ಳುವ ಮೊದಲು 15,000 ರೂಪಾಯಿ ಕಳೆದುಕೊಂಡೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಗ ನನ್ನ ಹತ್ತಿರ 150 ಸಿಸಿಯ ಮಾಮೂಲಿ ರಸ್ತೆ ಗಾಡಿ ಇತ್ತು. ಹೊಸ ಗಾಡಿ ಯಾಕೆ, ಇದಕ್ಕೇ ದೊಡ್ಡ ಗಡ್ಡೆಯ ಟೈರ್ ಹಾಕಿಸಿ, ಹ್ಯಾಂಡಲ್ ಎತ್ತರಿಸಿ, ಹಿಂದೆ ಕ್ಯಾರಿಯರ್ ಕಟ್ಟಿಸಿದರೆ ಸಾಕಲ್ವಾ ಅಂತ ಅನಿಸಿತು. ಒಂದು ಗ್ಯಾರೇಜಿನಲ್ಲಿ ಎಲ್ಲಾ ಮಾಡಿಕೊಟ್ಟರು. ನೋಡಲು ಚೆನ್ನಾಗಿಯೇ ಇತ್ತು. ಸೆಪ್ಟೆಂಬರ್‌ನ ಒಂದು ಭಾನುವಾರ ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೊಲದ ದಾರಿ ಹಿಡಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬೆಳಿಗ್ಗೆ ಬಿಸಿಲು ಬಿದ್ದಿದ್ದರಿಂದ ಮೇಲೆ ಒಣಗಿದಂತೆ ಕಾಣುತ್ತಿತ್ತು. 200 ಮೀಟರ್ ಹೋಗಿರಲಿಲ್ಲ, ಮುಂದಿನ ಚಕ್ರ ಯಾರೋ ಕೈಯಲ್ಲಿ ಹಿಡಿದಂತೆ ನಿಂತುಬಿಟ್ಟಿತು. ಗಾಡಿ ಅಡ್ಡ ಬಿತ್ತು. ಎದ್ದು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಪ್ಪು ಮಣ್ಣು ಗಿಡಿದು ತುಂಬಿದೆ. ಬೆರಳು ಹೋಗುವಷ್ಟೂ ಸಂದಿ ಇಲ್ಲ. ಕಟ್ಟಿಗೆಯಿಂದ ಕೆದರಿದೆ, ಸ್ಟಾರ್ಟ್ ಮಾಡಿದೆ, ಇಪ್ಪತ್ತು ಅಡಿ ಹೋದೆ, ಮತ್ತೆ ನಿಂತಿತು. ಹೀಗೆ ನಾಲ್ಕು ಸಲ ಆಯಿತು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರಲು ಶುರುವಾಯಿತು.

ಪಕ್ಕದ ಮೆಣಸಿನಕಾಯಿ ಹೊಲದಿಂದ ಒಬ್ಬ ಹಿರಿಯರು ಬಂದರು. ಗಾಡಿ ಸುತ್ತ ಒಂದು ಸಲ ನೋಡಿ, "ತಮ್ಮಾ, ಎರಿ ಮಣ್ಣಪಾ ಇದು. ಹಸಿ ಇದ್ದಾಗ ನಾವು ಚಕ್ಕಡಿನೂ ಹೊಡಿಯಂಗಿಲ್ಲ. ಆ ಮಡಗಾಡ ಬಿಚ್ಚು ಮೊದಲ" ಅಂದರು. ನನ್ನ ಹತ್ತಿರ 10 ನಂಬರ್ ಪಾನ ಇತ್ತು. ನಾಲ್ಕು ಬೋಲ್ಟ್ ಬಿಚ್ಚಿದೆ. ಅವರು ಕುಡಗೋಲಿನ ತುದಿಯಿಂದ ಮಣ್ಣು ಎಬ್ಬಿಸಿದರು. ಒಂದು ದೊಡ್ಡ ಹೆಂಟೆ ಇಡಿಯಾಗಿ ಕಳಚಿ ಬಿತ್ತು. ಅದರ ಒಳಮೈಯಲ್ಲಿ ಟೈರಿನ ಗಡ್ಡೆಗಳೆಲ್ಲಾ ಅಚ್ಚುಬೆಲ್ಲದಂತೆ ನೀಟಾಗಿ ಮೂಡಿದ್ದವು. ನಡುವೆ ಹತ್ತಿ ಗಿಡದ ಒಣ ಕಡ್ಡಿ, ಹುಲ್ಲು ಸಿಕ್ಕಿಕೊಂಡಿದ್ದವು. ಮಡ್‌ಗಾರ್ಡನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಗಾಡಿ ತಳ್ಳಿಕೊಂಡೇ ಡಾಂಬರಿಗೆ ಬಂದೆ.

ಆಮೇಲೆ ಕೂತು ಯೋಚಿಸಿದಾಗ ಅರ್ಥವಾಯಿತು. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕು ಬಿಡುತ್ತದೆ. ನನ್ನ ಗಾಡಿಯಲ್ಲಿ ಮೊದಲು ಟೈರಿಗೂ ಮಡ್‌ಗಾರ್ಡಿಗೂ ಒಂದೂವರೆ ಬೆರಳಿನ ಸಂದಿ ಇತ್ತು. ದೊಡ್ಡ ಗಡ್ಡೆಯ ಟೈರ್ ಹಾಕಿಸಿದ ಮೇಲೆ ಅರ್ಧ ಬೆರಳಿಗೆ ಬಂತು. ಹಿಡಿತಕ್ಕೆ ಅಂತ ಹಾಕಿಸಿದ ಟೈರೇ ಚಕ್ರವನ್ನು ಕಟ್ಟಿಹಾಕಿತು. ಅಂದಿನಿಂದ ಯಾವ ಗಾಡಿ ನೋಡಿದರೂ ನಾನು ಮೊದಲು ನೋಡುವುದು ಆ ಸಂದಿಯನ್ನೇ.

ಈಗ ಮೂರು ಗಾಡಿಗಳಿಗೆ ಬರೋಣ.

ಎಕ್ಸ್‌ಪಲ್ಸ್‌ನ ಮುಂದಿನ ಮಡ್‌ಗಾರ್ಡ್ ಚಕ್ರಕ್ಕೆ ಅಂಟಿಕೊಂಡಿಲ್ಲ, ಮೇಲೆ ಇದೆ. ನಡುವೆ ನನ್ನ ಇಡೀ ಅಂಗೈ ಆಡುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಕ್ಕೂ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೂ ಮೇಲೆ ಕೊಕ್ಕಿನಂಥದ್ದು ಒಂದು, ಕೆಳಗೆ ಚಕ್ರದ ಮೇಲೆ ಇನ್ನೊಂದು. ಡಾಂಬರಿನಲ್ಲಿ ಮಳೆ ಬಂದರೆ ಕೆಳಗಿನದೇ ಒಳ್ಳೆಯದು, ಬೂಟು, ಇಂಜಿನ್ ಮೇಲೆ ಕೆಸರು ಕಡಿಮೆ ಹಾರುತ್ತದೆ. ಆದರೆ ನಾನು ಗದಗ ಕಡೆಯ ಹೊಲದ ದಾರಿಯಲ್ಲಿ ಓಡಾಡುವವನು. ನನ್ನ ಲೆಕ್ಕ ಬೇರೆ.

ಒಂದು ಮಾತು. ಎಕ್ಸ್‌ಪಲ್ಸ್ ಇದೆ ಅಂತ ಹಸಿ ಎರೆ ಹೊಲಕ್ಕೆ ನಾನು ಈಗಲೂ ಇಳಿಯುವುದಿಲ್ಲ. ಹಸಿಯಲ್ಲಿ ನಾವು ಮಾಡಿದ ಗಾಲಿ ಜಾಡು ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಆಮೇಲೆ ಆ ದಾರಿಯಲ್ಲಿ ಚಕ್ಕಡಿ ಹೊಡೆಯುವವರಿಗೆ ತೊಂದರೆ. ಮಳೆ ನಿಂತು ಎರಡು ಮೂರು ದಿನ ಬಿಸಿಲು ಬೀಳಲಿ, ಆಮೇಲೆ ಹೋಗಿ. ಸಂದಿ ಬೇಕಾಗುವುದು ನಡುವೆ ಅಚಾನಕ್ ಹಸಿ ತುಂಡು ಸಿಕ್ಕಾಗ, ಹಳ್ಳ ದಾಟಿ ಮೇಲೆ ಹತ್ತುವಾಗ.

ಹಿಮಾಲಯನ್ 411 ನಮ್ಮ ಓಣಿಯ ಗೆಳೆಯನದು. ಮೂರು ಭಾನುವಾರ ಓಡಿಸಲು ಕೊಟ್ಟ. ಕೂತ ತಕ್ಷಣ ಎರಡೂ ಕಾಲು ನೆಲಕ್ಕೆ ಪೂರ್ತಿ ಊರಿದವು. ಸೀಟಿನ ಎತ್ತರ 800 ಮಿಲಿಮೀಟರ್ ಅಷ್ಟೇ. ಎಕ್ಸ್‌ಪಲ್ಸ್‌ನದು 825, ಅದರ ಮೇಲೆ ನನಗೆ ಮುಂಗಾಲು ಮಾತ್ರ ಊರುತ್ತದೆ. ದೂರದ ದಾರಿಗೆ ಹಿಮಾಲಯನ್ ಸೀಟು ಎಷ್ಟು ಆರಾಮ ಅಂದರೆ ಹುಬ್ಬಳ್ಳಿಯಿಂದ ಲಕ್ಕುಂಡಿವರೆಗೆ ನಿಲ್ಲಿಸಲೇ ಇಲ್ಲ. ಕಡಿಮೆ ವೇಗದಲ್ಲೂ ಗೇರ್ ಬದಲಿಸದೆ ಎಳೆಯುತ್ತದೆ. ಯಲ್ಲಾಪುರದ ಆಚೆ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಹೋಗುವಾಗ ಇದರ ಸುಖ ಗೊತ್ತಾಗುತ್ತದೆ.

ಆದರೆ ತೂಕ 199 ಕಿಲೋ. ಡೋಣಿ ಊರಿನ ಹತ್ತಿರ ಕಪ್ಪತಗುಡ್ಡದ ಬುಡದಲ್ಲಿ ಗರಸಿನ ಮೇಲೆ ನಿಲ್ಲಿಸಲು ಹೋದೆ. ಎಡಗಾಲು ಇಟ್ಟ ಜಾಗ ಸ್ವಲ್ಪ ತಗ್ಗಿತ್ತು. ಗಾಡಿ ನಿಧಾನಕ್ಕೆ ವಾಲಿತು, ಹಿಡಿಯಲು ಆಗಲಿಲ್ಲ. ತಪ್ಪು ನನ್ನದೇ. ಬಿದ್ದ ಗಾಡಿ ಎತ್ತುವ ಕ್ರಮ ಗೊತ್ತಿತ್ತು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಹಿಂದಿನ ಹಿಡಿಕೆ ಮೇಲೆ ಇಟ್ಟು, ತೊಡೆಯ ಬಲದಿಂದ ಹಿಂದಕ್ಕೆ ಹೆಜ್ಜೆ ಇಡಬೇಕು. ಮೂರು ಸಲ ಪ್ರಯತ್ನಿಸಿದೆ. ಗರಸಿನಲ್ಲಿ ಬೂಟು ಜಾರುತ್ತಿತ್ತು. ಕುರಿ ಮೇಯಿಸುತ್ತಿದ್ದ ಇಬ್ಬರು ಹುಡುಗರು ಬಂದು ಕೈ ಹಾಕಿದ ಮೇಲೆಯೇ ಎದ್ದಿತು. ಎಕ್ಸ್‌ಪಲ್ಸ್ 159 ಕಿಲೋ. ನಡುವಿನ 40 ಕಿಲೋ ಅಂದರೆ ಹತ್ತಿರ ಹತ್ತಿರ ಒಂದು ಚೀಲ ಸಿಮೆಂಟ್. ಎಕ್ಸ್‌ಪಲ್ಸನ್ನು ಇದುವರೆಗೆ ಏಳೆಂಟು ಸಲ ಬೀಳಿಸಿದ್ದೇನೆ, ಪ್ರತಿ ಸಲ ಒಬ್ಬನೇ ಎತ್ತಿದ್ದೇನೆ. ಹೊಸದಾಗಿ ಕಲಿಯುವವರು ಬೀಳುತ್ತಾರೆ. ನಾನು ಬಹುಪಾಲು ಒಬ್ಬನೇ ಹೋಗುವವನು. ಹಾಗಾಗಿ ನನಗೆ ಬೇರೆ ಯಾವ ಗುಣಕ್ಕಿಂತ ಇದೇ ದೊಡ್ಡದು.

ಕಪ್ಪತಗುಡ್ಡಕ್ಕೆ ಹೋಗುವವರು ರಸ್ತೆ ಬಿಟ್ಟು ಹುಲ್ಲಿಗೆ ಗಾಡಿ ಇಳಿಸಬೇಡಿ. 2019ರಿಂದ ಅದು ವನ್ಯಜೀವಿ ಧಾಮ. ಗಿಡಮೂಲಿಕೆಗೆ ಹೆಸರಾದ ಗುಡ್ಡ ಅದು, ನಮ್ಮ ಟೈರಿಗೆ ಅಲ್ಲಿ ಕೆಲಸ ಇಲ್ಲ.

ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಹಾವೇರಿಯಲ್ಲಿರುವ ಅಕ್ಕನ ಮಗನದು. ಹೆದ್ದಾರಿಗೆ ಮೂರರಲ್ಲಿ ಇದೇ ರಾಜ. ಹುಬ್ಬಳ್ಳಿ-ಹಾವೇರಿ ನಡುವೆ 100ರಲ್ಲಿ ಓಡಿಸಿದರೂ ಇಂಜಿನ್ ಶಾಂತವಾಗಿತ್ತು. ನನ್ನ ಗಾಡಿಯನ್ನು ನಾನು 80-85ರ ಮೇಲೆ ಓಡಿಸುವುದಿಲ್ಲ. ಇದಕ್ಕೆ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಗಟ್ಟಿ ಮಣ್ಣಿನ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಕಲ್ಲು ಎದ್ದ ದಾರಿಯಲ್ಲಿ ಮಾತ್ರ ನನಗೆ ಅಲಾಯ್ ಬಗ್ಗೆಯೇ ಚಿಂತೆ. ಕಡ್ಡಿ ಚಕ್ರವಾದರೆ ಸ್ವಲ್ಪ ಬಾಗಿದರೂ ಸರಿಮಾಡಿಸಬಹುದು. ನಿಮ್ಮ ಓಡಾಟ ಹತ್ತರಲ್ಲಿ ಒಂಬತ್ತು ಪಾಲು ಡಾಂಬರಾದರೆ ಸುಮ್ನೆ ಇದನ್ನೇ ತಗೊಳ್ಳಿ.

ಪಂಕ್ಚರ್ ವಿಷಯದಲ್ಲಿ ಎಕ್ಸ್‌ಪಲ್ಸ್, ಹಿಮಾಲಯನ್ ಎರಡೂ ಒಂದೇ. ಕಡ್ಡಿ ಚಕ್ರ, ಒಳಗೆ ಟ್ಯೂಬ್. ಟ್ಯೂಬಿಗೆ ಪ್ಯಾಚ್ ಹಾಕುವವರು ಯಾವ ಊರಿನಲ್ಲೂ ಸಿಗುತ್ತಾರೆ. ಆದರೆ ಮುಂದಿನ ಚಕ್ರ 21 ಇಂಚು. ಆ ಅಳತೆಯ ಟ್ಯೂಬ್ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಒಂದು 21 ಇಂಚಿನ ಟ್ಯೂಬ್, ಎರಡು ಟೈರ್ ಲಿವರ್, ಕಾಲಿನ ಪಂಪ್ ಯಾವಾಗಲೂ ಇಟ್ಟುಕೊಂಡಿರುತ್ತೇನೆ. ಎಕ್ಸ್‌ಪಲ್ಸ್‌ನ ಹಿಂದಿನ 18 ಇಂಚಿನ ಚಕ್ರಕ್ಕೂ ಊರು ಮುಟ್ಟುವವರೆಗೆ ಅದೇ ಟ್ಯೂಬ್ ನಡೆಯುತ್ತದೆ. ಮನೆ ಅಂಗಳದಲ್ಲಿ ಎರಡು ಸಲ ಬಿಚ್ಚಿ ಹಾಕಿ ಕಲಿತೆ. ಮೊದಲ ಸಲ ಎರಡು ಗಂಟೆ ಹಿಡಿಯಿತು, ಈಗ 40 ನಿಮಿಷ.

ಹಗುರ ಗಾಡಿಯ ನಿಜವಾದ ತೊಂದರೆ ಗಾಳಿ. ಗದಗ ಕಡೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದಲ್ಲಿ ಪಕ್ಕದಿಂದ ಬೀಸುವ ಗಾಳಿ ಎಕ್ಸ್‌ಪಲ್ಸನ್ನು ರಸ್ತೆಯ ಆ ಬದಿಗೆ ತಳ್ಳುತ್ತದೆ. ಲಾರಿ ದಾಟುವಾಗ ಒಂದು ಕ್ಷಣ ಗಾಳಿ ನಿಂತು ಮತ್ತೆ ಹೊಡೆಯುತ್ತದೆ, ಆಗ ಹುಷಾರಾಗಿರಬೇಕು. ಅದೇ ರಸ್ತೆಯಲ್ಲಿ ಹಿಮಾಲಯನ್ ಅಲುಗಲಿಲ್ಲ. ಜೂನ್, ಜುಲೈಯಲ್ಲಿ ನಾನು 60ರಲ್ಲೇ ಹೋಗುತ್ತೇನೆ.

ಎಕ್ಸ್‌ಪಲ್ಸ್ ಸೀಟು ಸಪೂರ. ನಿಂತು ಓಡಿಸಲು ಅದು ಬೇಕು, ಮಂಡಿಯಲ್ಲಿ ಟ್ಯಾಂಕ್ ಹಿಡಿಯಲು ಸಲೀಸು. ಕೂತೇ ಹೋಗುವ ದಾರಿಯಲ್ಲಿ ಒಂದೂವರೆ ಗಂಟೆಗೊಮ್ಮೆ ಇಳಿಯಬೇಕು. ನನಗೆ ಚಹಾ ಬೇಕೇ ಬೇಕು, ಹಾಗಾಗಿ ಇದು ಕಷ್ಟ ಅನಿಸಿಲ್ಲ.

ಮೈಲೇಜ್: ನನಗೆ ಎಕ್ಸ್‌ಪಲ್ಸ್ ಲೀಟರಿಗೆ 38 ಕೊಟ್ಟಿದೆ, ಹಿಮಾಲಯನ್ 29, ವಿ-ಸ್ಟ್ರಾಮ್ 34.

ಲಗೇಜಿಗೆ ಗಟ್ಟಿ ಡಬ್ಬಿ ಹಾಕಿಸಬೇಡಿ. ಬಿದ್ದಾಗ ಕಾಲು ಅದರಡಿ ಸಿಗುತ್ತದೆ. ನಾನು ದುರ್ಗದ ಬೈಲಿನಲ್ಲಿ ತಾಡಪತ್ರಿ ಕೊಂಡು, ಚೀಲ ಹೊಲಿಯುವವರ ಹತ್ತಿರ ಎರಡು ಜೋಳಿಗೆ ಹೊಲಿಸಿದೆ. 1,400 ರೂಪಾಯಿ ಆಯಿತು. ಹೋದ ವರ್ಷ ಯಲ್ಲಾಪುರ, ಅಂಕೋಲಾ, ಗೋಕರ್ಣ, ಬರುವಾಗ ದೇವಿಮನೆ ಘಟ್ಟ, ಶಿರಸಿ, ಮುಂಡಗೋಡ ಅಂತ ಸುಮಾರು 350 ಕಿಲೋಮೀಟರ್ ಎರಡು ದಿನ ಮಳೆಯಲ್ಲೇ ತಿರುಗಿದೆ. ಒಳಗಿನ ಬಟ್ಟೆ ಒದ್ದೆಯಾಗಲಿಲ್ಲ.

ದುಡ್ಡಿನ ಮಾತು. ನನ್ನ ಮಿತಿ ಎಲ್ಲಾ ಸೇರಿ ಒಂದೂವರೆ ಲಕ್ಷ. ಗಾಡಿಗೆ 1 ಲಕ್ಷ 10 ಸಾವಿರ ಹೋದ ಮೇಲೆ ಉಳಿದದ್ದರಲ್ಲಿ ಹೆಲ್ಮೆಟ್, ಮಂಡಿ ಕವಚ, ಕಣಕಾಲು ಮುಚ್ಚುವ ಬೂಟು, ಟೈರ್ ಬಂತು. ಹಿಮಾಲಯನ್ ಕೊಂಡಿದ್ದರೆ ಬೂಟಿಗೆ ದುಡ್ಡು ಉಳಿಯುತ್ತಿರಲಿಲ್ಲ. 411 ಈಗ ಹೊಸದು ಸಿಗುವುದಿಲ್ಲ, 2023ರ ಕೊನೆಗೆ ಹಿಮಾಲಯನ್ 450 ಬಂದ ಮೇಲೆ ಅದು ನಿಂತಿತು. ಹೊಸ ಗಾಡಿಯನ್ನೇ ಕೊಳ್ಳುವವರು ಇದನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ ಶೇ 40. ಎಕ್ಸ್‌ಪಲ್ಸ್, ವಿ-ಸ್ಟ್ರಾಮ್ ಎರಡೂ ಮೊದಲ ಗುಂಪಿನಲ್ಲಿ ಬರುತ್ತವೆ.

ಕೊಳ್ಳುವ ಮೊದಲು ಸಾಧ್ಯವಾದರೆ ಗೆಳೆಯರ ಗಾಡಿ ಕೇಳಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಶೋರೂಮಿನಲ್ಲಿ ಇದಕ್ಕೆ ಬಿಡುವುದಿಲ್ಲ. ಟೈರಿನ ಮೇಲೆ ಅಂಗೈ ಇಟ್ಟು ಸಂದಿಯನ್ನೂ ನೋಡಿ.

ಹೋದ ತಿಂಗಳು ಅಕ್ಕನ ಮಗ ನನ್ನ ಗಾಡಿ ತಗೊಂಡು ಕಲಘಟಗಿ ಕಡೆಯ ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ದಿನ ಓಡಾಡಿ ಬಂದ. ಮೊಣಕಾಲವರೆಗೆ ಧೂಳು. "ಮಾಮಾ, ನೀನು ಸಾಮಾನು ತರಾಕ ಬೆಂಗಳೂರಿಗೆ ಹೋಗೂವಾಗ ನನ್ನ ಗಾಡಿ ಒಯ್ಯಿ, ನಿಂದು ನನಗ ಕೊಡು" ಅಂದ. ಬೆಂಗಳೂರು ಇಲ್ಲಿಂದ 400 ಕಿಲೋಮೀಟರಿಗೂ ಜಾಸ್ತಿ, ಇಡೀ ದಾರಿ ಹೆದ್ದಾರಿ. ನಾನು ಒಪ್ಪಿದೆ. ಮುಂದಿನ ವಾರ ಅವನ ವಿ-ಸ್ಟ್ರಾಮ್ ನನ್ನ ಮನೆ ಮುಂದೆ ಬಂದು ನಿಲ್ಲುತ್ತದೆ. ಎಕ್ಸ್‌ಪಲ್ಸ್ ಜೊತೆ ಆ 21 ಇಂಚಿನ ಟ್ಯೂಬನ್ನೂ ಕಟ್ಟಿ ಕಳಿಸುತ್ತೇನೆ.